ರಕ್ತ, ಜೊಲ್ಲು, ಎದೆಹಾಲು, ಬೆನ್ನುಹುರಿ ದ್ರವ: ಕರಗಿರುವ ರೋಗನಿರೋಧಕ ಅಣುಗಳನ್ನು ಅಳೆಯುವಾಗ ಲೆಕ್ಕ ತಪ್ಪುವುದೆಲ್ಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಸೈಟೊಕೈನ್ (ರೋಗನಿರೋಧಕ ಕಣಗಳು ಪರಸ್ಪರ ಸಂದೇಶ ಕಳಿಸುವ ಪ್ರೋಟೀನ್), ಕಾಂಪ್ಲಿಮೆಂಟ್ (ರೋಗಾಣು ಕೊಲ್ಲಲು ಸರಣಿಯಾಗಿ ಕೆಲಸ ಮಾಡುವ ರಕ್ತದ ಪ್ರೋಟೀನ್‌ಗಳು), ಆಂಟಿಬಾಡಿ ಹೀಗೆ ಮೈಯ ದ್ರವಗಳಲ್ಲಿ ಕರಗಿ ಓಡಾಡುವ ಅಣುಗಳನ್ನು ಎಲೈಸಾದಲ್ಲಿ (ಆಂಟಿಬಾಡಿಯಿಂದ ಹಿಡಿದು ಬಣ್ಣ ಬರಿಸಿ ಅಳೆಯುವ ಪರೀಕ್ಷೆ) ಅಳೆಯುವವರಿಗೆ ಕೆಲವು ಪ್ರಶ್ನೆ. ಯಾವ ಅಣು ಏನು ಕೆಲಸ ಮಾಡುತ್ತದೆ ಎಂಬುದು ಪಠ್ಯದಲ್ಲಿ ಸಿಗುತ್ತದೆ. ಸ್ಯಾಂಪಲನ್ನು ಹೇಗೆ ಹಿಡಿಯಬೇಕು, ಎಷ್ಟು ಹೊತ್ತು ಇಡಬಹುದು ಎಂಬುದು ಒಂದೇ ಕಡೆ ಸಿಗುವುದಿಲ್ಲ.

ಮೊದಲನೆಯದು, ಒಬ್ಬರದೇ ರಕ್ತ, ಒಂದೇ ಹೊತ್ತಿಗೆ ತೆಗೆದದ್ದು. ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಐಎಲ್-8 ಎಂಬ ಸೈಟೊಕೈನ್ ಹೆಚ್ಚು ಬರುತ್ತದೆ, ನೇರಳೆ ಮುಚ್ಚಳದ್ದರಲ್ಲಿ ಕಡಿಮೆ. ಯಾವುದನ್ನು ನಂಬುವುದು? ಎರಡನೆಯದು, ಕಾಂಪ್ಲಿಮೆಂಟಿನ ಸಿ3, ಸಿ4 ಪ್ರೋಟೀನ್ ನಾರ್ಮಲ್ ಇದ್ದು ಅದರ ಒಟ್ಟು ಕೆಲಸ ಅಳೆಯುವ ಸಿಎಚ್50 ಮಾತ್ರ ಪಾತಾಳಕ್ಕೆ ಇಳಿದಿದ್ದರೆ ಏನರ್ಥ? ಮೂರನೆಯದು, ಜೊಲ್ಲಿನ ಐಜಿಎ ಆಂಟಿಬಾಡಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಜಗಜಾಂತರ ಏಕೆ? ಗೊತ್ತಿದ್ದವರು ಹಂತಹಂತವಾಗಿ ಬರೆದರೆ ಉಪಕಾರ.

ಸೀರಂಸಂಗತಿ:
ಮೊದಲನೆಯದಕ್ಕೆ ಉತ್ತರ ಕೊಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಸಿರಿಂಜಿನಿಂದ ಟ್ಯೂಬಿಗೆ ಬಿದ್ದ ರಕ್ತ ಸತ್ತಿರುವುದಿಲ್ಲ. ಬಿಳಿ ರಕ್ತಕಣಗಳು ಇನ್ನೂ ಸೈಟೊಕೈನ್ ಸುರಿಸುತ್ತಿರುತ್ತವೆ, ಪ್ಲೇಟ್‌ಲೆಟ್‌ಗಳು ಒಡೆದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಹಾಕುತ್ತವೆ, ಪ್ರೋಟಿಯೇಸ್‌ಗಳು ಅಣುಗಳನ್ನು ಕತ್ತರಿಸುತ್ತವೆ. ನೀವು ಅಳೆಯುವುದು ರೋಗಿಯ ಮೈಯಲ್ಲಿದ್ದ ಪ್ರಮಾಣವನ್ನಷ್ಟೇ ಅಲ್ಲ, ಅದರ ಜೊತೆಗೆ ಟ್ಯೂಬಿನಲ್ಲಿ ಕಳೆದ ಸಮಯವನ್ನೂ.

ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಬೇಕು, ಹೆಪ್ಪು ತೆಗೆದು ಉಳಿಯುವ ತಿಳಿಯೇ ಸೀರಂ. ಹೆಪ್ಪುಗಟ್ಟುವುದೆಂದರೆ ಪ್ಲೇಟ್‌ಲೆಟ್‌ಗಳು ಕೆರಳುವುದು. ಟಿಜಿಎಫ್-ಬೀಟಾ1, ಸಿಸಿಎಲ್5, ಕರಗಿದ ಸಿಡಿ40 ಲೈಗ್ಯಾಂಡ್, ವಿಇಜಿಎಫ್ ಇವೆಲ್ಲ ಪ್ಲೇಟ್‌ಲೆಟ್ ಒಳಗೆ ತುಂಬಿಟ್ಟ ಸರಕು. ಇವನ್ನು ಸೀರಂನಲ್ಲಿ ಅಳೆದರೆ ನಿಮಗೆ ಸಿಗುವುದು ಪ್ಲೇಟ್‌ಲೆಟ್ ಎಣಿಕೆಯ ಇನ್ನೊಂದು ರೂಪ. ಐಎಲ್-8 ಕೂಡ ಹೆಪ್ಪುಗಟ್ಟುವಾಗ, ಕಣಗಳ ಮೇಲೆ ಸೀರಂ ನಿಂತಷ್ಟು ಹೊತ್ತು ಏರುತ್ತಲೇ ಹೋಗುತ್ತದೆ. ಹಾಗಾಗಿ ಸೈಟೊಕೈನ್‌ಗೆ ನೇರಳೆ ಮುಚ್ಚಳ, ಅಂದರೆ ಇಡಿಟಿಎ ಎಂಬ ಹೆಪ್ಪುತಡೆ ಹಾಕಿ ಹೆಪ್ಪುಗಟ್ಟದೆ ಸಿಗುವ ತಿಳಿ, ಇಡಿಟಿಎ ಪ್ಲಾಸ್ಮಾ.

ಕ್ರಮ ಹೀಗಿರಲಿ. ರಕ್ತ ತುಂಬಿದ ತಕ್ಷಣ 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಐಸ್ ಮೇಲಿಡಿ. 30 ನಿಮಿಷದೊಳಗೆ 1,000ರಿಂದ 1,500 ಜಿ (ಗುರುತ್ವದ ಪಟ್ಟು) ಬಲದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್. ಪ್ಲಾಸ್ಮಾ ತೆಗೆಯುವಾಗ ಟಿಪ್ಪನ್ನು ಬಿಳಿ ಪದರದ ಹತ್ತಿರ ಒಯ್ಯಬೇಡಿ, ಕೆಳಗೆ ಅರ್ಧ ಸೆಂ.ಮೀ. ಬಿಟ್ಟುಬಿಡಿ. ಆ ಅರ್ಧ ಸೆಂ.ಮೀ.ಗೆ ಆಸೆಪಟ್ಟರೆ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಟಿಪ್ಪಿಗೆ ಬರುತ್ತವೆ, ಫ್ರೀಜರಿನಲ್ಲಿ ಅವು ಒಡೆದು ಲೆಕ್ಕವೆಲ್ಲ ಹಾಳು. ಪ್ಲೇಟ್‌ಲೆಟ್ ಸರಕನ್ನೇ ಅಳೆಯುವುದಾದರೆ ಇನ್ನೊಂದು ಸಲ 10,000 ಜಿಯಲ್ಲಿ 10 ನಿಮಿಷ ತಿರುಗಿಸಿ. ಆಮೇಲೆ 200–250 ಮೈಕ್ರೋಲೀಟರ್‌ನಂತೆ ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80 ಡಿಗ್ರಿಗೆ ಹಾಕಿ. ಒಂದು ಟ್ಯೂಬ್, ಒಂದೇ ಸಲ ಕರಗಿಸುವುದು.

ಫ್ರಾಸ್ಟ್ ಫ್ರೀ ಎಂದು ಬರೆದ ಮೈನಸ್ 20 ಫ್ರೀಜರ್ ಬೇಡವೇ ಬೇಡ. ಮಂಜು ಕಟ್ಟದಿರಲೆಂದು ಅದು ಆಗಾಗ ತಾನೇ ಬಿಸಿಯಾಗುತ್ತದೆ. ನೀವು ಬಾಗಿಲು ತೆರೆಯದಿದ್ದರೂ ಸ್ಯಾಂಪಲ್ ಕರಗಿ ಗಟ್ಟಿಯಾಗಿ ಪೆಟ್ಟು ತಿನ್ನುತ್ತಿರುತ್ತದೆ.

ಹತ್ತುಮೈಕ್ರೋಲೀಟರ್:
ಸೀರಂಸಂಗತಿ ಸರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ.

ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ದ್ರವ ಮೊದಲೇ ಇರುತ್ತದೆ, 9 ಪಾಲು ರಕ್ತಕ್ಕೆ 1 ಪಾಲು. ಅಂದರೆ ಹತ್ತನೇ ಒಂದು ಭಾಗವಷ್ಟೇ ತೆಳುವಾಯಿತು ಎಂದು ಅನೇಕರು ಲೆಕ್ಕ ಹಾಕುತ್ತಾರೆ. ತಪ್ಪು. ಸಿಟ್ರೇಟ್ ಸೇರುವುದು ಪ್ಲಾಸ್ಮಾಕ್ಕೆ, ಕಣಗಳಿಗಲ್ಲ. 4.5 ಮಿ.ಲೀ. ರಕ್ತ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 45 ಎಂದಿಟ್ಟುಕೊಳ್ಳಿ. ಪ್ಲಾಸ್ಮಾ 2.475 ಮಿ.ಲೀ., ಅದಕ್ಕೆ 0.5 ಮಿ.ಲೀ. ಸಿಟ್ರೇಟ್ ಸೇರಿ 2.975. ನಿಮ್ಮ ಐಎಲ್-6 (ಇನ್ನೊಂದು ಸೈಟೊಕೈನ್) ಸುಮಾರು ಶೇ. 17ರಷ್ಟು ಕಡಿಮೆ ಕಾಣುತ್ತದೆ. ರಕ್ತಹೀನತೆ ಇರುವವರಲ್ಲಿ ಈ ಲೆಕ್ಕ ಬೇರೆ. ಆದ್ದರಿಂದ ಇಡಿಟಿಎ ಸ್ಯಾಂಪಲ್‌ಗಳ ಗುಂಪಿಗೆ ಸಿಟ್ರೇಟ್ ಸ್ಯಾಂಪಲ್ ಬೆರೆಸಬಾರದು.

ಎರಡನೆಯದು ಹಸಿರು ಮುಚ್ಚಳ, ಹೆಪಾರಿನ್. ಹೆಪಾರಿನ್ ಅಣು ಮೈತುಂಬ ಋಣ ವಿದ್ಯುದಾವೇಶ ಹೊತ್ತಿರುತ್ತದೆ, ಕೆಲವು ಕೀಮೊಕೈನ್‌ಗಳು (ಕಣಗಳನ್ನು ಸೆಳೆಯುವ ಸೈಟೊಕೈನ್) ಅದಕ್ಕೇ ಅಂಟಿಕೊಳ್ಳುತ್ತವೆ. ಕಿಟ್ಟಿನ ಆಂಟಿಬಾಡಿಗೆ ಅವು ಸಿಗುವುದಿಲ್ಲ.

ತುಂಗಾತೀರ:
ಸೀರಂ ಮಾತ್ರವೇ ಇರುವ ಹಳೇ ಸ್ಯಾಂಪಲ್‌ಗಳನ್ನು ಏನು ಮಾಡುವುದು? ಬಿಸಾಡಬೇಕಾ?

ಸೀರಂಸಂಗತಿ:
ಬೇಡ. ಎಲ್ಲವೂ ಸೀರಂ ಆಗಿದ್ದು, ಎಲ್ಲವನ್ನೂ ಕೋಣೆಯ ಉಷ್ಣತೆಯಲ್ಲಿ 30ರಿಂದ 60 ನಿಮಿಷ ಹೆಪ್ಪುಗಟ್ಟಿಸಿ ಬೇರ್ಪಡಿಸಿದ್ದರೆ ಅವನ್ನು ಅವುಗಳೊಳಗೇ ಹೋಲಿಸಬಹುದು. ಐಜಿಜಿ, ಐಜಿಎ, ಐಜಿಎಂ ಆಂಟಿಬಾಡಿಗಳಿಗೂ ಉರಿಯೂತದ ಗುರುತಾದ ಸಿಆರ್‌ಪಿಗೂ ಸೀರಂ ಧಾರಾಳ ಸಾಕು, ಅವು ಗಟ್ಟಿ ಅಣುಗಳು. ಐಜಿಜಿಯ ಅರ್ಧಾಯುಷ್ಯ ಮೈಯೊಳಗೇ 21 ದಿನ. ಒಂದು ಡೆಸಿಲೀಟರ್ ರಕ್ತದಲ್ಲಿ ಅದು ಸುಮಾರು 700–1,600 ಮಿ.ಗ್ರಾಂ ಇರುವಾಗ ಟ್ಯೂಬಿನ ಒಂದೆರಡು ಗಂಟೆ ಅದಕ್ಕೆ ಲೆಕ್ಕಕ್ಕಿಲ್ಲ. ಐಎಲ್-6 ಆರೋಗ್ಯವಂತರಲ್ಲಿ ಒಂದು ಮಿ.ಲೀ.ಗೆ ಕೆಲವೇ ಪಿಕೋಗ್ರಾಂ. ಮಿಲಿಗ್ರಾಂ ಲೆಕ್ಕದ ಅಣುವಿಗೆ ಸಾಕಾಗುವ ಜಾಗ್ರತೆ ಪಿಕೋಗ್ರಾಂ ಲೆಕ್ಕದ್ದಕ್ಕೆ ಸಾಲದು.

ಕೊಡಗಿನಲ್ಯಾಬ್:
ಸಿಎಚ್50 ಪ್ರಶ್ನೆ ನನಗಿರಲಿ. ಸಿ3, ಸಿ4 ಪರೀಕ್ಷೆ ಪ್ರೋಟೀನ್ ಎಷ್ಟಿದೆ ಎಂದು ಹೇಳುತ್ತದೆ. ಸಿ3 ಡೆಸಿಲೀಟರಿಗೆ ಸುಮಾರು 90–180 ಮಿ.ಗ್ರಾಂ, ಸಿ4 10–40. ಸಿಎಚ್50 ಹೇಳುವುದು ಕಾಂಪ್ಲಿಮೆಂಟ್ ಸಾಲಿಗೆ ಸಾಲು ಕೆಲಸ ಮಾಡುತ್ತಿದೆಯೇ ಎಂದು: ಆಂಟಿಬಾಡಿ ಅಂಟಿಸಿದ ಕುರಿಯ ಕೆಂಪು ರಕ್ತಕಣಗಳಲ್ಲಿ ಅರ್ಧದಷ್ಟನ್ನು ಒಡೆಯಲು ಎಷ್ಟು ಸೀರಂ ಬೇಕು ಎಂಬುದು. ಸಿ3 ಅಳೆಯುವ ಆಂಟಿಬಾಡಿ ತುಂಡಾಗಿ ಹೋದ ಸಿ3ಯನ್ನೂ ಹಿಡಿದು ಎಣಿಸುತ್ತದೆ. ಅಂದರೆ ಸಂಖ್ಯೆ ನಾರ್ಮಲ್, ಕೆಲಸ ಶೂನ್ಯ ಎಂಬ ಸ್ಥಿತಿ ಸಾಧ್ಯ.

ಸಿ3, ಸಿ4 ನಾರ್ಮಲ್ ಇದ್ದು ಸಿಎಚ್50 ಬಿದ್ದಿದ್ದರೆ ಮೊದಲು ಕೇಳಬೇಕಾದ್ದು ರೋಗಿಯನ್ನಲ್ಲ, ಸ್ಯಾಂಪಲ್ ತಂದವರನ್ನು. ಎಷ್ಟು ಹೊತ್ತು ಹೊರಗಿತ್ತು? ಬಿಸಿಲಲ್ಲಿ ಬಂತಾ? ಕಾಂಪ್ಲಿಮೆಂಟ್ ಬಿಸಿಗೆ ಬಹಳ ಸೂಕ್ಷ್ಮ. 56 ಡಿಗ್ರಿಯಲ್ಲಿ 30 ನಿಮಿಷ ಇಟ್ಟರೆ ಪೂರ್ತಿ ಸಾಯುತ್ತದೆ, ಸೀರಂನ ಕಾಂಪ್ಲಿಮೆಂಟ್ ಬೇಕಂತಲೇ ಕೊಲ್ಲಲು ಲ್ಯಾಬಿನಲ್ಲಿ ಬಳಸುವ ವಿಧಾನವೇ ಅದು. 19ನೇ ಶತಮಾನದ ಕೊನೆಯಲ್ಲಿ ಜೂಲ್ಸ್ ಬೋರ್ಡೆ ಇದನ್ನು ಗುರುತಿಸಿದ್ದೂ ಹೀಗೇ: ಬಿಸಿ ಮಾಡಿದ ಸೀರಂನಲ್ಲಿ ಆಂಟಿಬಾಡಿ ಉಳಿಯಿತು, ಆದರೆ ಕೊಲ್ಲುವ ಶಕ್ತಿ ಹೋಯಿತು, ತಾಜಾ ಸೀರಂ ಸೇರಿಸಿದರೆ ಮತ್ತೆ ಬಂತು. 1919ರ ನೊಬೆಲ್ ಅವರಿಗೆ ಸಂದಿತು.

ಎರಡನೇ ಕಾರಣ ಕ್ರಯೊಗ್ಲೋಬುಲಿನ್ (ತಣ್ಣಗಾದರೆ ಗಟ್ಟಿಯಾಗುವ ಆಂಟಿಬಾಡಿ), ಹೆಪಟೈಟಿಸ್ ಸಿ ಇರುವವರಲ್ಲಿ ವಿಶೇಷವಾಗಿ. ಸೀರಂ ಫ್ರಿಜ್ಜಿಗೆ ಹೋದೊಡನೆ ತಣ್ಣಗೆ ಟ್ಯೂಬಿನಲ್ಲೇ ಕಾಂಪ್ಲಿಮೆಂಟ್ ಖರ್ಚಾಗುತ್ತದೆ. ಹಾಗಾಗಿ ಸಿಎಚ್50 ಸೀರಂ ಬೇರ್ಪಡಿಸಿದ ಮೇಲೆ ಫ್ರಿಜ್ಜಿನಲ್ಲಿ ಇಡುವ ಮಾತೇ ಇಲ್ಲ. ಎರಡು ಗಂಟೆಯೊಳಗೆ ಮೈನಸ್ 70 ಅಥವಾ ಅದಕ್ಕೂ ಕೆಳಗೆ, ಡ್ರೈ ಐಸ್‌ನಲ್ಲಿ ಸಾಗಣೆ. ಇಷ್ಟೆಲ್ಲ ಸರಿಯಿದ್ದೂ ಎರಡನೇ ಸ್ಯಾಂಪಲ್‌ನಲ್ಲೂ ಸೊನ್ನೆ ಬಂದರೆ ಆಗ ಸಿ2, ಸಿ5ರಿಂದ ಸಿ8ರವರೆಗಿನ ಕೊರತೆ ಹುಡುಕಿ.

ಸಿ3ಎ, ಸಿ5ಎ, ಕರಗಿರುವ ಸಿ5ಬಿ-9 ಇವು ಕಾಂಪ್ಲಿಮೆಂಟ್ ಕೆರಳಿದ ಗುರುತು. ಇವಕ್ಕೆ ಸೀರಂ ಕೂಡದು, ಇಡಿಟಿಎ ಬೇಕೇ ಬೇಕು. ಕಾಂಪ್ಲಿಮೆಂಟ್ ಓಡಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಬೇಕು, ಇಡಿಟಿಎ ಎರಡನ್ನೂ ಹಿಡಿದು ಕಟ್ಟುತ್ತದೆ. ಅದೇ ಕಾರಣಕ್ಕೆ ಇಡಿಟಿಎ ಟ್ಯೂಬಿನಲ್ಲಿ ಸಿಎಚ್50 ಮಾಡಲಾಗದು. ಈ ಎರಡು ಟ್ಯೂಬ್ ಅದಲುಬದಲಾದರೆ ಎರಡು ರಿಪೋರ್ಟೂ ತಪ್ಪು.

ತುಂಗಾತೀರ:
ಇದು ತುಂಬಾ ಸ್ಪಷ್ಟವಾಯಿತು ಮೇಡಂ. ಸಿ3 ಒಂದೇ ಕಡಿಮೆ, ಸಿ4 ಸರಿಯಿದೆ ಎಂದರೆ?

ಕೊಡಗಿನಲ್ಯಾಬ್:
ಕಾಂಪ್ಲಿಮೆಂಟ್ ಕೆರಳುವ ದಾರಿ ಮೂರು. ಸಿ4 ಕ್ಲಾಸಿಕಲ್ ಮತ್ತು ಲೆಕ್ಟಿನ್ ದಾರಿಯಲ್ಲಿ ಖರ್ಚಾಗುತ್ತದೆ, ಆಲ್ಟರ್ನೇಟಿವ್ ದಾರಿಯಲ್ಲಿ ಅಲ್ಲ. ಗಂಟಲು ಅಥವಾ ಚರ್ಮದ ಸ್ಟ್ರೆಪ್ಟೊಕಾಕಸ್ ಸೋಂಕಿನ ನಂತರ ಮಕ್ಕಳಿಗೆ ಬರುವ ಕಿಡ್ನಿ ಉರಿಯೂತದಲ್ಲಿ ಸಾಮಾನ್ಯವಾಗಿ ಸಿ3 ಇಳಿದು ಸಿ4 ಹಾಗೇ ಇರುತ್ತದೆ, 6–8 ವಾರದಲ್ಲಿ ಸಿ3 ಮೇಲೇಳುತ್ತದೆ. ಏಳದಿದ್ದರೆ ಬೇರೆ ಕಾಯಿಲೆ ಯೋಚಿಸಬೇಕು. ಲೂಪಸ್ (ರೋಗನಿರೋಧಕ ವ್ಯವಸ್ಥೆ ಸ್ವಂತ ಮೈಮೇಲೇ ದಾಳಿ ಮಾಡುವ ಕಾಯಿಲೆ) ಕೆರಳಿದಾಗ ಎರಡೂ ಇಳಿಯುತ್ತವೆ. ಸಿ4 ಮಾತ್ರ ಸದಾ ಕಡಿಮೆ, ಸಿ3 ಸರಿ, ಮುಖ ತುಟಿ ಆಗಾಗ ಊದಿಕೊಳ್ಳುತ್ತದೆ, ತುರಿಕೆ ಇಲ್ಲ ಎಂದರೆ ಕಾಂಪ್ಲಿಮೆಂಟಿಗೆ ಕಡಿವಾಣ ಹಾಕುವ ಸಿ1 ಇನ್‌ಹಿಬಿಟರ್ ಅಳೆಯಿರಿ, ಪ್ರಮಾಣ ಮತ್ತು ಕೆಲಸ ಎರಡನ್ನೂ.

ಪೈಪೆಟ್‌ಪಾಠ:
ಸ್ಯಾಂಪಲ್ ಸರಿಯಾಗಿ ಬಂದರೂ ಪ್ಲೇಟಿನಲ್ಲಿ ಕೈತಪ್ಪುವುದುಂಟು. ಐಎಲ್-6ರ ಸ್ಯಾಂಡ್‌ವಿಚ್ ಎಲೈಸಾವನ್ನು (ಎರಡು ಆಂಟಿಬಾಡಿಯ ನಡುವೆ ಅಣುವನ್ನು ಹಿಡಿಯುವುದು) ನೀವೇ ಕಟ್ಟುವುದಾದರೆ ಹೀಗೆ.

96 ವೆಲ್ (ಗುಳಿ) ಪ್ಲೇಟಿಗೆ ಅಣು ಹಿಡಿಯುವ ಕ್ಯಾಪ್ಚರ್ ಆಂಟಿಬಾಡಿ, ಮಿ.ಲೀ.ಗೆ 1–4 ಮೈಕ್ರೋಗ್ರಾಂ, ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ, ವೆಲ್ಲಿಗೆ 100 ಮೈಕ್ರೋಲೀಟರ್, ರಾತ್ರಿಯಿಡೀ. ಕೋಟಿಂಗ್ ದ್ರಾವಣಕ್ಕೆ ಬೇರೆ ಪ್ರೋಟೀನ್ ಬೆರೆತಿರಬಾರದು, ಬಿಎಸ್‌ಎ (ಹಸುವಿನ ಆಲ್ಬುಮಿನ್) ಇದ್ದರೆ ಅದೇ ಜಾಗ ಹಿಡಿಯುತ್ತದೆ. ಮರುದಿನ ಪಿಬಿಎಸ್ ಮತ್ತು ಶೇ. 0.05 ಟ್ವೀನ್-20ರಲ್ಲಿ ಮೂರು ವಾಷ್. ಶೇ. 1 ಬಿಎಸ್‌ಎ 300 ಮೈಕ್ರೋಲೀಟರ್ ಹಾಕಿ ಒಂದು ಗಂಟೆ ಬ್ಲಾಕ್, ಅಂದರೆ ಖಾಲಿ ಜಾಗ ಮುಚ್ಚುವುದು. ವಾಷ್. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಐಎಲ್-6) ಮತ್ತು ಸ್ಯಾಂಪಲ್ 100 ಮೈಕ್ರೋಲೀಟರ್, ಎರಡು ಗಂಟೆ. ವಾಷ್. ಬಯೊಟಿನ್ ಹಚ್ಚಿದ ಎರಡನೇ ಆಂಟಿಬಾಡಿ, ಎರಡು ಗಂಟೆ. ವಾಷ್. ಸ್ಟ್ರೆಪ್ಟಾವಿಡಿನ್-ಎಚ್‌ಆರ್‌ಪಿ (ಬಯೊಟಿನ್‌ಗೆ ಅಂಟುವ ಸ್ಟ್ರೆಪ್ಟಾವಿಡಿನ್‌ಗೆ ಜೋಡಿಸಿದ ಕಿಣ್ವ) 20 ನಿಮಿಷ, ಕತ್ತಲಲ್ಲಿ. ವಾಷ್. ಟಿಎಂಬಿ (ಆ ಕಿಣ್ವ ತಾಗಿದರೆ ಬಣ್ಣ ಬರುವ ದ್ರಾವಣ) 100 ಮೈಕ್ರೋಲೀಟರ್ 20 ನಿಮಿಷ, ಕತ್ತಲಲ್ಲಿ. 2 ನಾರ್ಮಲ್ ಗಂಧಕಾಮ್ಲ 50 ಮೈಕ್ರೋಲೀಟರ್. 450 ನ್ಯಾನೊಮೀಟರ್‌ನಲ್ಲಿ ಓದಿ, 540 ಅಥವಾ 570ರ ರೀಡಿಂಗ್ ಕಳೆಯಿರಿ. ಪ್ಲೇಟಿನ ಗೀರು, ಬೆರಳಿನ ಗುರುತು ಅದರಲ್ಲಿ ಹೋಗುತ್ತದೆ.

ಸ್ಟ್ಯಾಂಡರ್ಡ್ ಪುಡಿಗೆ ನೀರು ಹಾಕಿ 15 ನಿಮಿಷ ಸುಮ್ಮನೆ ಬಿಡಿ, ಮೆಲ್ಲಗೆ ಆಡಿಸಿ. ನೊರೆ ಬಂದರೆ ಪ್ರೋಟೀನ್ ನೊರೆಯ ಅಂಚಿನಲ್ಲಿ ಮುದುಡಿ ಕೆಡುತ್ತದೆ. 600ರಿಂದ ಅರ್ಧರ್ಧ ಮಾಡುತ್ತ 300, 150, 75, 37.5, 18.8, 9.4 ಪಿಕೋಗ್ರಾಂ, ಮಿ.ಲೀ.ಗೆ. ಇವುಗಳ ಬಣ್ಣದಿಂದಲೇ ಸ್ಟ್ಯಾಂಡರ್ಡ್ ಗೆರೆ. ಪ್ರತಿ ಹಂತಕ್ಕೂ ಹೊಸ ಟಿಪ್. ಹಳೇ ಟಿಪ್ಪಿನಲ್ಲೇ ಮುಂದುವರಿದರೆ ಮೇಲಿನ ಹನಿ ಕೆಳಗೆ ಇಳಿಯುತ್ತದೆ, ಗೆರೆಯ ಬಾಲ ಮೇಲಕ್ಕೆ ಬಾಗುತ್ತದೆ, ಕಡಿಮೆ ಇರುವ ಸ್ಯಾಂಪಲ್‌ಗಳೆಲ್ಲ ಇನ್ನೂ ಕಡಿಮೆ ಓದುತ್ತವೆ. ಗೆರೆಗೆ ಸರಳರೇಖೆ ಎಳೆಯಬೇಡಿ, ನಾಲ್ಕು ಪ್ಯಾರಾಮೀಟರ್ ಫಿಟ್ (ಎಸ್ ಆಕಾರದ ಗೆರೆ) ಬಳಸಿ.

ವಾಷ್ ಬಗ್ಗೆ ಒತ್ತಿ ಹೇಳುತ್ತೇನೆ. ವೆಲ್ ಕಂಠಮಟ್ಟ ತುಂಬಬೇಕು, 300–400 ಮೈಕ್ರೋಲೀಟರ್. ಚೆಲ್ಲಿ, ಟಿಶ್ಯೂ ಪೇಪರಿನ ಮೇಲೆ ಕವುಚಿ ತಟ್ಟಿ. ಆದರೆ ಒಣಗಲು ಬಿಡಬಾರದು, ಕೊನೆಯ ವಾಷ್ ಆದ ಕೂಡಲೇ ಮುಂದಿನ ದ್ರಾವಣ ಬೀಳಬೇಕು. ಮೊದಲ ವೆಲ್ಲಿಗೂ ಕೊನೆಯ ವೆಲ್ಲಿಗೂ 10 ನಿಮಿಷಕ್ಕಿಂತ ಹೆಚ್ಚು ಅಂತರವಾದರೆ ಪ್ಲೇಟಿನ ಎಡದಿಂದ ಬಲಕ್ಕೆ ಬಣ್ಣ ಇಳಿಜಾರಾಗುತ್ತದೆ, ಅದನ್ನು ಕಾಯಿಲೆಯ ವ್ಯತ್ಯಾಸ ಎಂದು ಓದಿಬಿಡುವ ಅಪಾಯವಿದೆ. ರೋಗಿಗಳನ್ನೆಲ್ಲ ಎಡಕ್ಕೆ, ಆರೋಗ್ಯವಂತರನ್ನೆಲ್ಲ ಬಲಕ್ಕೆ ಯಾವತ್ತೂ ಹಾಕಬೇಡಿ. ಬೆರೆಸಿ ಹಾಕಿ.

ಟಿಎಂಬಿ ಮೊದಲು ನೀಲಿ, ಆಮ್ಲ ಬಿದ್ದ ಮೇಲೆ ಹಳದಿ. ಹಸಿರು ಕಂಡರೆ ಆಮ್ಲ ಸರಿಯಾಗಿ ಬೆರೆತಿಲ್ಲ ಎಂದರ್ಥ, ಪ್ಲೇಟಿನ ಅಂಚಿಗೆ ಬೆರಳಿನಿಂದ ತಟ್ಟಿ. ಬಾಟಲಿಯಲ್ಲಿರುವಾಗಲೇ ಟಿಎಂಬಿ ನೀಲಿ ಛಾಯೆ ತೋರಿಸಿದರೆ ಅದಕ್ಕೆ ಎಚ್‌ಆರ್‌ಪಿ ಬಿದ್ದಿದೆ, ಬಿಸಾಡಿ.

ಹತ್ತುಮೈಕ್ರೋಲೀಟರ್:
ಬಣ್ಣವೇ ಬರದಿದ್ದರೆ ಮೊದಲು ವಾಷ್ ಬಫರಿನ ಲೇಬಲ್ ನೋಡಿ. ಕೆಡದಿರಲೆಂದು ಸೋಡಿಯಂ ಅಝೈಡ್ ಹಾಕಿದ್ದರೆ ಅದು ಎಚ್‌ಆರ್‌ಪಿಯನ್ನು ಕಟ್ಟಿಹಾಕುತ್ತದೆ.

ತುಂಗಾತೀರ:
ಸ್ಟ್ಯಾಂಡರ್ಡ್ ಗೆರೆ ಚೆನ್ನಾಗಿ ಬಂದಿದೆ, ಡೂಪ್ಲಿಕೇಟ್‌ಗಳೂ (ಒಂದೇ ಸ್ಯಾಂಪಲ್ ಹಾಕಿದ ಎರಡು ವೆಲ್) ಹೊಂದುತ್ತವೆ. ಆದರೂ ಸ್ಯಾಂಪಲ್ ಸಂಖ್ಯೆ ನಿಜವೇ ಎಂದು ತಿಳಿಯುವುದು ಹೇಗೆ?

ಪೈಪೆಟ್‌ಪಾಠ:
ಎರಡು ಪರೀಕ್ಷೆ. ಒಂದು, ಗೊತ್ತಿರುವಷ್ಟು ಸೇರಿಸಿ ವಾಪಸ್ ಸಿಗುತ್ತದೆಯೇ ನೋಡುವುದು. ಸ್ಯಾಂಪಲ್‌ನಲ್ಲಿ 20 ಪಿಕೋಗ್ರಾಂ ಇದೆ, ನೀವು 100 ಸೇರಿಸಿದಿರಿ, 120 ಬರಬೇಕು. ಬಂದದ್ದು 72 ಎಂದರೆ ವಾಪಸಾದದ್ದು ಶೇ. 52 ಮಾತ್ರ. ಶೇ. 80ರಿಂದ 120ರೊಳಗೆ ಇರಬೇಕಿತ್ತು. ದ್ರವದಲ್ಲಿರುವ ಯಾವುದೋ ಅಣು, ಬಹಳ ಸಲ ಕರಗಿರುವ ರಿಸೆಪ್ಟರ್, ಸೈಟೊಕೈನನ್ನು ಮುಚ್ಚಿಹಾಕಿದೆ. ಸೇರಿಸುವ ಗಾತ್ರ ಸ್ಯಾಂಪಲ್‌ನ ಹತ್ತನೇ ಒಂದಕ್ಕಿಂತ ಕಡಿಮೆಯಿರಲಿ, ಇಲ್ಲದಿದ್ದರೆ ಸ್ಯಾಂಪಲ್ ತೆಳುವಾಗಿ ಆ ಅಡ್ಡಿಯೇ ಮರೆಯಾಗುತ್ತದೆ.

ಎರಡು, ಡೈಲ್ಯೂಶನ್. ಹಾಗೇ ಅಳೆದರೆ 40. ಎರಡರಲ್ಲಿ ಒಂದು ಮಾಡಿದರೆ 20 ಬರಬೇಕು. 32 ಬಂದರೆ, ಗುಣಿಸಿದಾಗ 64. ನಾಲ್ಕರಲ್ಲಿ ಒಂದು ಮಾಡಿ ನೋಡಿ, ಎಲ್ಲಿ ಸಂಖ್ಯೆ ನಿಲ್ಲುತ್ತದೋ ಅಲ್ಲಿಂದ ಅಳೆಯಿರಿ. ಇನ್ನು ಪ್ರೋಟೀನ್ ವಿಪರೀತ ಇದ್ದಾಗ ಒಂದೇ ಹಂತದ ಪರೀಕ್ಷೆಗಳಲ್ಲಿ ಹುಕ್ ಎಫೆಕ್ಟ್: ಎರಡೂ ಆಂಟಿಬಾಡಿಗೆ ಬೇರೆ ಬೇರೆ ಅಣು ಸಿಕ್ಕಿ ಸ್ಯಾಂಡ್‌ವಿಚ್ಚೇ ಕಟ್ಟುವುದಿಲ್ಲ, ಅತಿ ಹೆಚ್ಚಿರುವುದು ಕಡಿಮೆ ಎಂದು ಕಾಣುತ್ತದೆ. ಇದಕ್ಕೂ ಡೈಲ್ಯೂಶನ್ನೇ ಮದ್ದು.

ಸೀರಂಸಂಗತಿ:
ರುಮಟಾಯ್ಡ್ ಫ್ಯಾಕ್ಟರ್ ಇರುವವರನ್ನು ಮರೆಯಬೇಡಿ. ಅದು ಐಜಿಜಿಯ ಬಾಲಕ್ಕೆ ಅಂಟುವ ಐಜಿಎಂ. ಸೈಟೊಕೈನ್ ಇಲ್ಲದಿದ್ದರೂ ತಾನೇ ಸೇತುವೆಯಾಗಿ ಎರಡು ಆಂಟಿಬಾಡಿಯನ್ನು ಜೋಡಿಸುತ್ತದೆ, ಖಾಲಿ ಸ್ಯಾಂಪಲ್ ಹಳದಿಯಾಗುತ್ತದೆ. ಇಲಿಯ ಆಂಟಿಬಾಡಿಗೆ ವಿರುದ್ಧ ಆಂಟಿಬಾಡಿ ಇರುವವರಲ್ಲೂ ಇದೇ ಕತೆ. ಸ್ಯಾಂಪಲ್ ಬಫರಿಗೆ ಸಾಧಾರಣ ಇಲಿ ಐಜಿಜಿ ಸೇರಿಸಿ ಇನ್ನೊಮ್ಮೆ ಮಾಡಿ. ಸಂಖ್ಯೆ ಕುಸಿದರೆ ಮೊದಲಿನದು ಸುಳ್ಳು.

ಬಯೊಟಿನ್ ಮಾತ್ರೆ ಇನ್ನೊಂದು. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ, ಕೂದಲು ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 5–10 ಮಿ.ಗ್ರಾಂ ಇರುತ್ತದೆ. ಸ್ಟ್ರೆಪ್ಟಾವಿಡಿನ್ ಬಳಸುವ ಸ್ಯಾಂಡ್‌ವಿಚ್ ಪರೀಕ್ಷೆ ಸುಳ್ಳಾಗಿ ಇಳಿಯುತ್ತದೆ, ಸ್ಪರ್ಧಾತ್ಮಕ ಪರೀಕ್ಷೆ ಸುಳ್ಳಾಗಿ ಏರುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಪೈಪೆಟ್‌ಪಾಠ:
ಒಂದು ತಿದ್ದುಪಡಿ ಸರ್. ಬಯೊಟಿನ್ ತೊಂದರೆ ಸ್ಯಾಂಪಲ್ ಮತ್ತು ಸ್ಟ್ರೆಪ್ಟಾವಿಡಿನ್ ಒಂದೇ ಬಟ್ಟಲಲ್ಲಿ ಕೂಡುವ ಆಟೋಮ್ಯಾಟಿಕ್ ಯಂತ್ರಗಳದ್ದು. ನಾನು ಮೇಲೆ ಬರೆದ ಕ್ರಮದಲ್ಲಿ ಸ್ಟ್ರೆಪ್ಟಾವಿಡಿನ್ ಬರುವ ಹೊತ್ತಿಗೆ ಎರಡು ಸುತ್ತು ವಾಷ್ ಮುಗಿದಿರುತ್ತದೆ, ಸ್ಯಾಂಪಲ್‌ನ ಬಯೊಟಿನ್ ತೊಳೆದುಹೋಗಿರುತ್ತದೆ.

ಸೀರಂಸಂಗತಿ:
ಹೌದು, ಆ ವ್ಯತ್ಯಾಸ ಹೇಳಲೇಬೇಕಿತ್ತು. ಧನ್ಯವಾದ.

ಔಷಧಿಯದ್ದೂ ಒಂದು ಇದೆ. ಟೊಸಿಲಿಝುಮಾಬ್ ಕೊಟ್ಟ ಮೇಲೆ ಐಎಲ್-6 ಏರುತ್ತದೆ, ಗಾಬರಿ ಬೇಡ. ಔಷಧಿ ರಿಸೆಪ್ಟರನ್ನು ಮುಚ್ಚುವುದರಿಂದ ಐಎಲ್-6 ಹೋಗಲು ದಾರಿಯಿಲ್ಲದೆ ರಕ್ತದಲ್ಲೇ ನಿಲ್ಲುತ್ತದೆ. ಅದೇ ವೇಳೆ ಸಿಆರ್‌ಪಿ ಇಳಿಯುತ್ತದೆ, ಏಕೆಂದರೆ ಲಿವರ್‌ಗೆ ಸಿಆರ್‌ಪಿ ಮಾಡು ಎಂದು ಹೇಳುವುದು ಐಎಲ್-6. ಈ ರೋಗಿಗಳಲ್ಲಿ ಸಿಆರ್‌ಪಿ ಕಡಿಮೆ ಇದೆ ಎಂದು ಸೋಂಕಿಲ್ಲ ಅನ್ನಬಾರದು.

ಎದೆಹಾಲುಅಂಗಳ:
ಜೊಲ್ಲು ಮತ್ತು ಎದೆಹಾಲು ನನ್ನ ವಿಷಯ. ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸಕ್ಕೆ ಹೆಚ್ಚಿನ ಪಾಲು ಕಾರಣ ಜೊಲ್ಲಿನ ಹರಿವು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಐಜಿಎ ಗಟ್ಟಿ. ಎಚ್ಚರಾಗಿ ತಿಂದು ಮಾತಾಡಿದಾಗ ಜೊಲ್ಲು ಹೆಚ್ಚು, ಐಜಿಎ ತೆಳು. ಆದ್ದರಿಂದ ಮಿ.ಲೀ.ಗೆ ಎಷ್ಟು ಎಂಬುದಕ್ಕಿಂತ ನಿಮಿಷಕ್ಕೆ ಎಷ್ಟು ಎಂಬುದನ್ನು ಬರೆಯಿರಿ. ಉದಾಹರಣೆಗೆ 5 ನಿಮಿಷಕ್ಕೆ 1.5 ಮಿ.ಲೀ. ಬಂದರೆ ಹರಿವು 0.3. ಅದರಲ್ಲಿ ಮಿ.ಲೀ.ಗೆ 120 ಮೈಕ್ರೋಗ್ರಾಂ ಇದ್ದರೆ ನಿಮಿಷಕ್ಕೆ 36. ಇನ್ನೊಬ್ಬರ ಹರಿವು 0.6, ಪ್ರಮಾಣ 70, ನಿಮಿಷಕ್ಕೆ 42. ಮೊದಲ ಲೆಕ್ಕದಲ್ಲಿ ಹಿಂದಿದ್ದವರು ಎರಡನೆಯದರಲ್ಲಿ ಮುಂದೆ.

ಹಿಡಿಯುವ ಕ್ರಮ: ಒಂದು ಗಂಟೆ ಊಟ, ಕಾಫಿ, ಎಲೆಅಡಿಕೆ ಏನೂ ಇಲ್ಲ. ನೀರಿನಲ್ಲಿ ಬಾಯಿ ಮುಕ್ಕಳಿಸಿ 10 ನಿಮಿಷ ಕಾಯಬೇಕು. ತಲೆ ಸ್ವಲ್ಪ ಬಗ್ಗಿಸಿ, ಉಗುಳದೆ, ತಾನಾಗಿ ಇಳಿಯುವ ಜೊಲ್ಲನ್ನು ಮೊದಲೇ ತೂಗಿಟ್ಟ ಟ್ಯೂಬಿಗೆ ಬಿಡಬೇಕು. ಮತ್ತೆ ತೂಗಿದರೆ 1 ಗ್ರಾಂಗೆ 1 ಮಿ.ಲೀ. ಎಂದು ಹರಿವು ಸಿಗುತ್ತದೆ. ಹತ್ತಿಯ ಉಂಡೆ ಬೇಡ, ಅದು ಐಜಿಎಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಐಸ್‌ನಲ್ಲಿಟ್ಟು, ಫ್ರೀಜ್ ಮಾಡಿ, ಕರಗಿಸಿ, 1,500 ಜಿಯಲ್ಲಿ 15 ನಿಮಿಷ ತಿರುಗಿಸಿ. ಫ್ರೀಜ್ ಮಾಡಿ ಕರಗಿಸಿದಾಗ ಲೋಳೆಯ ಮ್ಯೂಸಿನ್ ಎಳೆಎಳೆಯಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಸಲೀಸಾಗಿ ಪೈಪೆಟ್ಟಿಗೆ ಬರುತ್ತದೆ. ಈ ಹಂತ ಬಿಟ್ಟವರ ಡೂಪ್ಲಿಕೇಟ್ ಎಂದೂ ಹೊಂದುವುದಿಲ್ಲ, ಟಿಪ್ಪಿನ ತುದಿಯಲ್ಲಿ ಲೋಳೆ ನೇತಾಡುತ್ತಿರುತ್ತದೆ.

ಒಸಡಿನಿಂದ ರಕ್ತ ಬರುತ್ತಿದ್ದರೆ ಸ್ಯಾಂಪಲ್ ಬೇಡ. ರಕ್ತದ ಸೈಟೊಕೈನ್, ಐಜಿಜಿ ಬೆರೆಯುತ್ತದೆ. ಜೊಲ್ಲಿನಲ್ಲಿ ಟ್ರಾನ್ಸ್‌ಫೆರಿನ್ ಅಳೆದರೆ ಈ ಬೆರಕೆ ಬಯಲಾಗುತ್ತದೆ.

ಇನ್ನೊಂದು ದೊಡ್ಡ ತಪ್ಪು, ಸೀರಂ ಐಜಿಎ ಕಿಟ್ಟಿನಲ್ಲೇ ಜೊಲ್ಲಿನ ಐಜಿಎ ಅಳೆಯುವುದು. ರಕ್ತದ ಐಜಿಎ ಬಹುತೇಕ ಒಂಟಿ. ಜೊಲ್ಲು, ಎದೆಹಾಲು, ಕಣ್ಣೀರಿನದು ಜೋಡಿ: ಎರಡು ಐಜಿಎ, ನಡುವೆ ಜೆ ಸರಪಳಿ, ಮೇಲೆ ಸೆಕ್ರೆಟರಿ ಕಾಂಪೊನೆಂಟ್ ಎಂಬ ಹೊದಿಕೆ. ಹೊದಿಕೆಯನ್ನು ಗುರುತಿಸುವ ಆಂಟಿಬಾಡಿ, ಜೋಡಿ ಅಣುವಿನದೇ ಸ್ಟ್ಯಾಂಡರ್ಡ್ ಇರುವ ಕಿಟ್ ಬೇಕು.

ಎದೆಹಾಲಾದರೆ ಮೊದಲು ಕೊಬ್ಬು ತೆಗೆಯಬೇಕು. 4 ಡಿಗ್ರಿಯಲ್ಲಿ ತಿರುಗಿಸಿದರೆ ಕೆನೆ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಅದನ್ನು ಟಿಪ್ಪಿನಿಂದ ಚುಚ್ಚಿ ಕೆಳಗಿನದನ್ನು ಎಳೆಯಿರಿ. ಹೆರಿಗೆಯಾಗಿ ಎಷ್ಟನೇ ದಿನ ಎಂಬುದನ್ನು ಟ್ಯೂಬಿನ ಮೇಲೇ ಬರೆಯಿರಿ. ಮೊದಲ ದಿನಗಳ ಹಾಲಿನಲ್ಲಿ ಐಜಿಎ ಹಲವು ಪಟ್ಟು ಹೆಚ್ಚು, ದಿನ ಬರೆಯದ ಸ್ಯಾಂಪಲ್ ಯಾವ ಹೋಲಿಕೆಗೂ ಬಾರದು. ಹಾಲಿನ ಬ್ಯಾಂಕಿನ ಹಾಲು 62.5 ಡಿಗ್ರಿಯಲ್ಲಿ 30 ನಿಮಿಷ ಕಾದಿರುತ್ತದೆ: ಐಜಿಎ ಹೆಚ್ಚಿನ ಪಾಲು ಉಳಿಯುತ್ತದೆ, ಐಜಿಎಂ ಬಹುತೇಕ ಹೋಗುತ್ತದೆ, ಲ್ಯಾಕ್ಟೊಫೆರಿನ್ ಚೆನ್ನಾಗಿ ಪೆಟ್ಟು ತಿನ್ನುತ್ತದೆ.

ತುಂಗಾತೀರ:
ಹಸುವಿನ ಗಿಣ್ಣುಹಾಲಿಗೂ ಇದೇ ಲೆಕ್ಕವಾ?

ಎದೆಹಾಲುಅಂಗಳ:
ಇಲ್ಲ, ಅಲ್ಲಿ ಐಜಿಜಿಯೇ ರಾಜ. ಮನುಷ್ಯರ ಕೂಸಿಗೆ ತಾಯಿಯ ಐಜಿಜಿ ಹೊಟ್ಟೆಯಲ್ಲಿದ್ದಾಗಲೇ ಮಾಸುವಿನ ಮೂಲಕ ಬಂದಿರುತ್ತದೆ, ಆದ್ದರಿಂದ ಹಾಲಿನಲ್ಲಿ ಬರುವುದು ಕರುಳಿನ ಕಾವಲಿಗೆ ಐಜಿಎ. ಹಸುವಿನ ಮಾಸು ಆಂಟಿಬಾಡಿಯನ್ನು ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ಗಿಣ್ಣಿನ ಐಜಿಜಿ ಕರುಳಿನಿಂದ ರಕ್ತಕ್ಕೆ ಇಳಿಯುವುದು ಮೊದಲ 24 ಗಂಟೆಯೊಳಗೆ ಮಾತ್ರ, ಆಮೇಲೆ ಬಾಗಿಲು ಮುಚ್ಚುತ್ತದೆ. ಗಿಣ್ಣುಹಾಲನ್ನು ಹಬೆಯಲ್ಲಿಟ್ಟರೆ ಹೆಪ್ಪು ಹಾಕದೆಯೂ ಗಟ್ಟಿಯಾಗಿ ಕೂರುತ್ತದಲ್ಲ, ಅದು ಬಿಸಿಗೆ ಗಟ್ಟಿಯಾಗುವ ಇಂಥ ಪ್ರೋಟೀನ್‌ಗಳು ತುಂಬಿರುವುದರಿಂದಲೇ.

ನರಲೋಕ:
ಬೆನ್ನುಹುರಿ ದ್ರವದ್ದು ಯಾರೂ ಬರೆದಿಲ್ಲ. ಇಲ್ಲಿ ಒಂದೇ ಪ್ರಶ್ನೆ: ದ್ರವದಲ್ಲಿರುವ ಐಜಿಜಿ ರಕ್ತದಿಂದ ಸೋರಿ ಬಂದದ್ದೋ, ಮೆದುಳಿನ ಒಳಗೇ ತಯಾರಾದದ್ದೋ? ಆಲ್ಬುಮಿನ್ ಮೆದುಳಿನಲ್ಲಿ ತಯಾರಾಗುವುದಿಲ್ಲ, ಅದು ಎಷ್ಟು ಸೋರಿದೆಯೋ ಅದೇ ಅಳತೆಗೋಲು.

ಐಜಿಜಿ ಇಂಡೆಕ್ಸ್: ದ್ರವದ ಐಜಿಜಿಯನ್ನು ಸೀರಂ ಐಜಿಜಿಯಿಂದ ಭಾಗಿಸಿ, ಬಂದದ್ದನ್ನು ದ್ರವದ ಆಲ್ಬುಮಿನ್ ಭಾಗಿಸು ಸೀರಂ ಆಲ್ಬುಮಿನ್‌ನಿಂದ ಭಾಗಿಸಿ. ದ್ರವದ ಐಜಿಜಿ 6, ಸೀರಂ ಐಜಿಜಿ 1,200, ಅನುಪಾತ 0.005. ದ್ರವದ ಆಲ್ಬುಮಿನ್ 24, ಸೀರಂ ಆಲ್ಬುಮಿನ್ 4,000, ಅನುಪಾತ 0.006. ಇಂಡೆಕ್ಸ್ 0.83. ಎಲ್ಲವೂ ಡೆಸಿಲೀಟರಿಗೆ ಮಿ.ಗ್ರಾಂ. ಸಾಮಾನ್ಯವಾಗಿ 0.7ಕ್ಕಿಂತ ಹೆಚ್ಚಾದರೆ ಒಳಗೇ ತಯಾರಾಗುತ್ತಿದೆ ಎಂದು ಓದುತ್ತಾರೆ.

ತಪ್ಪುವುದು ಯೂನಿಟ್ಟಿನಲ್ಲಿ. ಸೀರಂ ಆಲ್ಬುಮಿನ್ ರಿಪೋರ್ಟಿನಲ್ಲಿ 4 ಗ್ರಾಂ ಎಂದಿರುತ್ತದೆ. ಅದನ್ನು 4,000 ಮಾಡದೆ ಹಾಕಿದರೆ ಇಂಡೆಕ್ಸ್ ಸಾವಿರ ಪಟ್ಟು ಇಳಿಯುತ್ತದೆ.

ಸೀರಂ ಮತ್ತು ದ್ರವ ಒಂದೇ ಹೊತ್ತಿನದ್ದಾಗಿರಲಿ. ಆಲಿಗೊಕ್ಲೋನಲ್ ಬ್ಯಾಂಡ್ (ಕೆಲವೇ ಬಗೆಯ ಐಜಿಜಿ ಜೆಲ್ ಮೇಲೆ ಮೂಡಿಸುವ ಗೆರೆ) ನೋಡುವಾಗಲೂ ಜೋಡಿ ಬೇಕೇ ಬೇಕು, ಸೀರಂ ಅನ್ನು ದ್ರವದ ಐಜಿಜಿ ಮಟ್ಟಕ್ಕೆ ತೆಳು ಮಾಡಿ ಪಕ್ಕಪಕ್ಕದಲ್ಲಿ ಓಡಿಸಬೇಕು. ದ್ರವದಲ್ಲಿದ್ದು ಸೀರಂನಲ್ಲಿಲ್ಲದ ಗೆರೆಗಳಷ್ಟೇ ಲೆಕ್ಕ. ಸೂಜಿ ಚುಚ್ಚುವಾಗ ರಕ್ತ ಬೆರೆತಿದ್ದರೆ ರಿಪೋರ್ಟಿನಲ್ಲಿ ಬರೆಯಿರಿ. ಪಾಲಿಪ್ರೊಪಿಲೀನ್ ಟ್ಯೂಬ್ ಬಳಸಿ; ಪ್ರೋಟೀನ್ ಕಡಿಮೆಯಿರುವ ಈ ದ್ರವದಲ್ಲಿ ಇರುವಷ್ಟೂ ಗಾಜಿನ, ಪಾಲಿಸ್ಟೈರೀನ್ ಗೋಡೆಗೆ ಅಂಟಿಕೊಳ್ಳುತ್ತದೆ.

ಕೊಡಗಿನಲ್ಯಾಬ್:
ಟಿಬಿಯ ಇಂಟರ್‌ಫೆರಾನ್ ಗಾಮಾ ಪರೀಕ್ಷೆ (ಟಿಬಿ ಪೆಪ್ಟೈಡ್ ತಾಗಿದಾಗ ರಕ್ತಕಣಗಳು ಸುರಿಸುವ ಸೈಟೊಕೈನ್ ಅಳೆಯುವುದು) ಮಾಡುವವರಿಗೆ ನಮ್ಮ ರಾಜ್ಯಕ್ಕೇ ಸಂಬಂಧಪಟ್ಟ ವಿಷಯ. ಈ ಪರೀಕ್ಷೆಯ ಕ್ವಾಂಟಿಫೆರಾನ್ ಪ್ಲಸ್ ಟ್ಯೂಬಿನ ಒಳಗಿನ ಖಾಲಿತನ ಸರಿಯಾಗಿ 1 ಮಿ.ಲೀ. ಎಳೆಯುವಂತೆ ಮಾಡಿರುತ್ತಾರೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಟ್ಯೂಬ್ ಕಡಿಮೆ ಎಳೆಯುತ್ತದೆ. ಸಾಧಾರಣ ಟ್ಯೂಬ್ ಸಮುದ್ರಮಟ್ಟದಿಂದ 810 ಮೀಟರ್‌ವರೆಗೆ, ಎತ್ತರದ ಟ್ಯೂಬ್ 1,020ರಿಂದ 1,875 ಮೀಟರ್‌ವರೆಗೆ. ಮಂಗಳೂರು, ಮೈಸೂರು ಮೊದಲನೆಯದರೊಳಗೆ ಬರುತ್ತವೆ. ಬೆಂಗಳೂರು ಸುಮಾರು 900–920 ಮೀಟರ್, ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಸಿರಿಂಜಿನಲ್ಲಿ ರಕ್ತ ತೆಗೆದು, ಸೂಜಿ ಕಳಚಿ, ಮುಚ್ಚಳ ತೆರೆದು ನಾಲ್ಕೂ ಟ್ಯೂಬಿಗೆ (ಪೆಪ್ಟೈಡ್ ಇಲ್ಲದ ನಿಲ್, ಟಿಬಿಯ ಎರಡು, ಕಣಗಳನ್ನು ಹೇಗಿದ್ದರೂ ಕೆರಳಿಸುವ ಮೈಟೊಜೆನ್) ತಲಾ 1 ಮಿ.ಲೀ. ಕೂಡಲೇ ಹಾಕುವುದು ಸರಿಯಾದ ದಾರಿ. 0.8ರಿಂದ 1.2 ಮಿ.ಲೀ. ನಡುವೆ ಇರಬೇಕು, ಟ್ಯೂಬಿನ ಪಕ್ಕದ ಕಪ್ಪು ಗುರುತು ನೋಡಿ.

ಆಮೇಲೆ 10 ಸಲ ಅಲ್ಲಾಡಿಸಬೇಕು, ಒಳಗೋಡೆಯೆಲ್ಲ ರಕ್ತ ಹಚ್ಚಿಕೊಳ್ಳುವಷ್ಟು, ಏಕೆಂದರೆ ಟಿಬಿಯ ಪೆಪ್ಟೈಡ್‌ಗಳು ಗೋಡೆಗೇ ಒಣಗಿ ಅಂಟಿವೆ. ಸಾಲದಾದರೆ ಸುಳ್ಳು ನೆಗೆಟಿವ್. ಜೋರಾಗಿ ಕುಲುಕಿ ಜೆಲ್ ಒಡೆದರೆ ರೀಡಿಂಗ್ ದಿಕ್ಕುತಪ್ಪುತ್ತದೆ. 16 ಗಂಟೆಯೊಳಗೆ 37 ಡಿಗ್ರಿಗೆ, ಅಲ್ಲಿ 16–24 ಗಂಟೆ. ಟಿಬಿ ಟ್ಯೂಬಿನಿಂದ ನಿಲ್ ಕಳೆದದ್ದು 0.35 ಐಯು ಅಥವಾ ಹೆಚ್ಚಿದ್ದು, ನಿಲ್‌ನ ಶೇ. 25ಕ್ಕೂ ಕಡಿಮೆಯಿಲ್ಲದಿದ್ದರೆ ಪಾಸಿಟಿವ್. ನಿಲ್ಲೇ 8.0 ದಾಟಿದರೆ ಉತ್ತರವಿಲ್ಲ. ಟಿಬಿ ಟ್ಯೂಬ್ ನೆಗೆಟಿವ್ ಇದ್ದು ಮೈಟೊಜೆನ್‌ನಿಂದ ನಿಲ್ ಕಳೆದದ್ದು 0.5ಕ್ಕಿಂತ ಕಡಿಮೆಯಾದರೂ ಉತ್ತರವಿಲ್ಲ. ಪಾಸಿಟಿವ್ ಎಂದರೆ ಟಿಬಿ ರೋಗ ಇದೆ ಎಂದಲ್ಲ, ಸೋಂಕಿನ ನೆನಪು ಇದೆ ಎಂದು. ರಕ್ತದ ಆಂಟಿಬಾಡಿಯಿಂದ ಟಿಬಿ ಹೇಳುವ ಕಿಟ್‌ಗಳನ್ನಂತೂ ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ.

ತುಂಗಾತೀರ:
ಕೊನೆಯ ಪ್ರಶ್ನೆ. ಐಎಲ್-6 ಗೆರೆಯ ಕೆಳಗಿನ ತುದಿಗಿಂತ ಕಡಿಮೆ ಬಂದವರಿಗೆ ಸೊನ್ನೆ ಹಾಕಬಹುದಾ?

ಪೈಪೆಟ್‌ಪಾಠ:
ಹಾಕಬೇಡಿ. ಸೊನ್ನೆ ಎಂದರೆ ಇಲ್ಲ ಎಂದು, ನಿಮಗೆ ಗೊತ್ತಿರುವುದು 9.4ಕ್ಕಿಂತ ಕಡಿಮೆ ಎಂದು ಮಾತ್ರ. ಪಟ್ಟಿಯಲ್ಲಿ "9.4ಕ್ಕಿಂತ ಕಡಿಮೆ" ಎಂದೇ ಬರೆಯಿರಿ. ಅಂಥವರು ಕೆಲವರೇ ಇದ್ದರೆ ಲೆಕ್ಕಕ್ಕೆ ಆ ಮಿತಿಯನ್ನು ಎರಡರ ವರ್ಗಮೂಲದಿಂದ ಭಾಗಿಸಿ 6.6 ಎಂದು ಹಾಕಿ, ಹಾಕಿದ್ದೇವೆ ಎಂದು ಟಿಪ್ಪಣಿಯಲ್ಲಿ ತಿಳಿಸಿ. ಅರ್ಧಕ್ಕರ್ಧ ಜನ ಹಾಗಿದ್ದರೆ ಸರಾಸರಿ ತೆಗೆಯುವುದನ್ನೇ ಬಿಟ್ಟು, ಎಷ್ಟು ಜನರಲ್ಲಿ ಸಿಕ್ಕಿತು ಎಷ್ಟು ಜನರಲ್ಲಿ ಸಿಗಲಿಲ್ಲ ಎಂದು ಹೋಲಿಸಿ, ಅಥವಾ ಇನ್ನೂ ಸೂಕ್ಷ್ಮವಾದ ಕಿಟ್ಟಿನಲ್ಲಿ, ಇನ್ನೂ ತೆರೆಯದ ಟ್ಯೂಬಿನಿಂದ ಮತ್ತೆ ಅಳೆಯಿರಿ. ಒಮ್ಮೆ ಕರಗಿಸಿದ್ದನ್ನು ಅದಕ್ಕೆ ಬಳಸಬೇಡಿ.